ಸ್ಯಾಕೆಟ್ ಕಾದಂಬರಿಗಳು: ಎಲ್ಲಿಂದ ಶುರು ಮಾಡೋದು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದ ವೆಸ್ಟರ್ನ್ ಕಾದಂಬರಿಕಾರ ಲೂಯಿ ಲಮೂರ್ ಅವರ ಸ್ಯಾಕೆಟ್ ಮನೆತನದ ಪುಸ್ತಕಗಳ ಬಗ್ಗೆನೇ ಇದ್ವು, ಅದಕ್ಕೆ ಎಲ್ಲವನ್ನೂ ಒಟ್ಟಿಗೇ ತಗೊಂಡಿದೀನಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಪುಸ್ತಕದ ಅಂಗಡಿಯಲ್ಲಿ ಸ್ಯಾಕೆಟ್ ಸೀರೀಸ್‌ನ ಒಂದು ಕಟ್ಟೇ ಸಿಕ್ತು. ನನ್ನ ತಮ್ಮ ಒಂದು ಪಟ್ಟಿ ತಂದುಕೊಟ್ಟ, ಅದರಲ್ಲಿ ಮೊದಲನೇದು 1600ರ ಸುಮಾರಿನ ಕಥೆ. ಆದ್ರೆ ಪುಸ್ತಕ ತೆಗೆದು ನೋಡಿದ್ರೆ ಅದು ಪ್ರಿಂಟ್ ಆಗಿದ್ದು 1974ರಲ್ಲಿ, ಪಟ್ಟಿಯಲ್ಲಿ ಆರನೇದಾಗಿರೋ ಪುಸ್ತಕ 1960ರದ್ದು! ಕಥೆ ನಡೆದ ಕಾಲದ ಪ್ರಕಾರ ಓದ್ಬೇಕಾ, ಬರೆದ ಪ್ರಕಾರ ಓದ್ಬೇಕಾ? – ಓದುಗರು, ಹಾಸನ

ಉತ್ತರ: ಬರೆದ ಪ್ರಕಾರ ಓದಿ. ನಿಮ್ಮ ತಮ್ಮ ತಂದ ಪಟ್ಟಿ ತಪ್ಪೇನಲ್ಲ, ಕಾಲದ ಲೆಕ್ಕದಲ್ಲಿ ಅದು ಸರಿಯಾಗೇ ಇದೆ, ಆದ್ರೆ ಹೊಸದಾಗಿ ಓದೋರಿಗೆ ಅದು ಒಳ್ಳೇ ದಾರಿ ಅಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ.

ಒಟ್ಟು 17 ಕಾದಂಬರಿಗಳು. 1960ರಲ್ಲಿ ಬಂದ 'ದಿ ಡೇಬ್ರೇಕರ್ಸ್' ಮೊದಲನೇದು. ಅಲ್ಲಿಂದ 1972ರ ತನಕ ಬಂದ ಹನ್ನೊಂದು ಪುಸ್ತಕಗಳೂ ಸಿವಿಲ್ ವಾರ್ (1861–65ರ ಅಮೆರಿಕದ ಒಳಯುದ್ಧ) ಮುಗಿದ ಮೇಲಿನ ಕಾಲದವು, ಅಂದ್ರೆ ಕುದುರೆ, ದನದ ಹಿಂಡು, ಚಿನ್ನದ ಗಣಿ, ಗನ್ನು, ಹೊಸದಾಗಿ ಎದ್ದ ಊರುಗಳು, ನಾವು ವೆಸ್ಟರ್ನ್ ಅಂದ ಕೂಡ್ಲೇ ಕಣ್ಣಿಗೆ ಬರೋ ಲೋಕ. ಆಮೇಲೆ 1974ರಲ್ಲಿ ಲಮೂರ್ ಇದ್ದಕ್ಕಿದ್ದ ಹಾಗೆ ಆ ಕಥೆಗಳ ಕಾಲಕ್ಕಿಂತ 270 ವರ್ಷ ಹಿಂದಕ್ಕೆ ಹೋಗಿ ಈ ಮನೆತನದ ಮೂಲಪುರುಷ ಬಾರ್ನಬಸ್ ಸ್ಯಾಕೆಟ್‌ನ ಕಥೆ ಬರೆದ್ರು, ಅದೇ 'ಸ್ಯಾಕೆಟ್ಸ್ ಲ್ಯಾಂಡ್'. ಅವರು ಹುಟ್ಟಿದ್ದು 1908ರಲ್ಲಿ, ಹಾಗಾಗಿ ಆಗ ಅವರಿಗೆ 66 ವರ್ಷ. ಅದಾದ ಮೇಲೆ 1976ರಲ್ಲಿ 'ಟು ದಿ ಫಾರ್ ಬ್ಲೂ ಮೌಂಟನ್ಸ್', 1980ರಲ್ಲಿ 'ದಿ ವಾರಿಯರ್ಸ್ ಪಾತ್', 1985ರಲ್ಲಿ 'ಜೂಬಲ್ ಸ್ಯಾಕೆಟ್', ಇವೆಲ್ಲ 1600ರಿಂದ 1630ರ ಆಸುಪಾಸಿನವು, ನಡುವೆ 1983ರಲ್ಲಿ ಬಂದ 'ರೈಡ್ ದಿ ರಿವರ್' 1840ರ ಸುಮಾರಿನದು, 1980ರಲ್ಲೇ ಬಂದ 'ಲೋನ್ಲಿ ಆನ್ ದಿ ಮೌಂಟನ್' ಮಾತ್ರ ಮತ್ತೆ 1870ರ ದಶಕದ್ದು. ಕಾಲದ ಪಟ್ಟಿಯಲ್ಲಿ ಮೊದಲ ಐದು ಸ್ಥಾನದಲ್ಲಿರೋದೆಲ್ಲ ಲಮೂರ್ ಕೊನೆಗಾಲದಲ್ಲಿ ಬರೆದ ಪುಸ್ತಕಗಳು ಅಂತಾಯ್ತು.

ಕೊನೆಗೆ ಬರೆದದ್ದನ್ನ ಮೊದಲೇ ಓದಿದ್ರೆ ಏನು ನಷ್ಟ ಅಂತ ಕೇಳಬಹುದು. ಬಾರ್ನಬಸ್ ತನ್ನ ಮಕ್ಕಳಿಗೆ, ಅವರ ಮಕ್ಕಳಿಗೆ ಏನಾಗಬಹುದು ಅಂತ ಯೋಚನೆ ಮಾಡ್ತಾ ಪಶ್ಚಿಮದ ಬೆಟ್ಟಗಳ ಕಡೆ ನೋಡೋ ಸಂದರ್ಭಗಳು ಆ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತೆ. 1870ರ ದಶಕದ ಪುಸ್ತಕಗಳ ಅಣ್ಣತಮ್ಮಂದಿರಾದ ಟೈರೆಲ್, ಓರಿನ್, ಟೆಲ್ ಇವರನ್ನೆಲ್ಲ ಆಗಲೇ ಬಲ್ಲ ಓದುಗರಿಗೆ ಅಲ್ಲಿ ಎದೆ ತುಂಬಿ ಬರುತ್ತೆ, ಯಾಕಂದ್ರೆ ಅವನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿರುತ್ತೆ. ಏನೂ ಓದದೆ ನೇರ ಅಲ್ಲಿಗೇ ಹೋದ್ರೆ ಅದು ಬರೀ ಒಬ್ಬ ಮನುಷ್ಯನ ಆಸೆ ಅಷ್ಟೇ. ನಮ್ಮ ಮನೆಗಳಲ್ಲೂ ನೋಡಿ, ಮೊದಲು ಪರಿಚಯ ಆಗೋದು ತಾತ, ಮುತ್ತಾತನ ಕಥೆ ಕೇಳೋ ಆಸೆ ಹುಟ್ಟೋದು ತಾತನ ಮೇಲೆ ಪ್ರೀತಿ ಬೆಳೆದ ಮೇಲೆ.

ಇನ್ನೊಂದು ಉದಾಹರಣೆ ಕೊಡ್ತೀನಿ. ಒಬ್ಬ ಸ್ಯಾಕೆಟ್ ಕಷ್ಟಕ್ಕೆ ಸಿಕ್ಕಿಕೊಂಡ ಅಂತ ಸುದ್ದಿ ಹೋದ್ರೆ ಉಳಿದ ಸ್ಯಾಕೆಟ್‌ಗಳು ಎಲ್ಲೇ ಇರಲಿ, ಮುಖ ನೋಡಿರಲಿ ಬಿಡಲಿ, ಕುದುರೆ ಏರಿ ಬಂದೇ ಬರ್ತಾರೆ, ಇದು ಈ ಮನೆತನದ ಕಟ್ಟಳೆ. ಇದು ಜೋರಾಗಿ ಕಾಣೋದು 1965ರ 'ದಿ ಸ್ಯಾಕೆಟ್ ಬ್ರ್ಯಾಂಡ್'ನಲ್ಲಿ. ಅರಿಜೋನಾದ ಮೊಗೊಯಾನ್ ಸೀಮೆಯಲ್ಲಿ ಟೆಲ್ ಒಬ್ಬನೇ ಒಂದು ದೊಡ್ಡ ರ‍್ಯಾಂಚಿನ (ದನ ಸಾಕೋ ಜಮೀನಿನ) ಆಳುಗಳ ಕೈಗೆ ಸಿಕ್ಕಿ ಸಾಯೋ ಹಾಗಾಗಿರ್ತಾನೆ, ಸುದ್ದಿ ಬಾಯಿಂದ ಬಾಯಿಗೆ ಹರಡಿ ತಮ್ಮಂದಿರಾದ ಓರಿನ್, ಟೈರೆಲ್, ದೂರದ ನೆಂಟರಾದ ಲ್ಯಾಂಡೊ, ನೋಲನ್ ಎಲ್ಲ ಒಬ್ಬೊಬ್ಬರಾಗಿ ಹೊರಡ್ತಾರೆ. ಓದ್ತಾ ಓದ್ತಾ ನನಗಂತೂ ಮೈ ಜುಂ ಅಂದಿತ್ತು, ಅದಕ್ಕೆ ಕಾರಣ ಅದರ ಹಿಂದಿನ ನಾಲ್ಕು ಪುಸ್ತಕಗಳಲ್ಲಿ ಈ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ನೋಡಿ ಬಂದಿರ್ತೀವಲ್ಲ, ಅದು. ನೋಲನ್ ಅನ್ನೋ ಕಾನೂನಿಗೆ ಆಚೆ ಇರೋ ಮನುಷ್ಯ 1964ರ 'ಮೊಹಾವಿ ಕ್ರಾಸಿಂಗ್'ನಲ್ಲಿ ಟೆಲ್‌ಗೆ ಎದುರಾಗ್ತಾನೆ, 1965ರಲ್ಲಿ ಸಹಾಯಕ್ಕೆ ಬರ್ತಾನೆ, 1966ರ 'ಮಸ್ಟ್ಯಾಂಗ್ ಮ್ಯಾನ್'ನಲ್ಲಿ ತನ್ನ ಕಥೆ ತಾನೇ ಹೇಳ್ತಾನೆ. ಎಷ್ಟು ಚಂದದ ಪರಿಚಯ ನೋಡಿ! ಪಟ್ಟಿ ಇಟ್ಕೊಂಡು ಹಿಂದೆ ಮುಂದೆ ಮಾಡಿದ್ರೆ ಇದು ಕೆಡುತ್ತೆ.

ಹಾಗಾಗಿ 'ದಿ ಡೇಬ್ರೇಕರ್ಸ್' ಕೈಗೆ ತಗೊಳ್ಳಿ. ಟೆನೆಸ್ಸಿ ಬೆಟ್ಟದಲ್ಲಿ ಹಿಗ್ಗಿನ್ಸ್ ಮನೆತನದ ಜೊತೆ ಹಳೇ ವೈರ, ಓರಿನ್ ಮದುವೆ ದಿನವೇ ಗುಂಡು ಹಾರುತ್ತೆ, ಟೈರೆಲ್ ಊರು ಬಿಟ್ಟು ಪಶ್ಚಿಮಕ್ಕೆ ಹೊರಡ್ತಾನೆ, ಹಿಂದೆನೇ ಓರಿನ್. ದನ ಹೊಡ್ಕೊಂಡು ಹೋಗೋ ದಾರಿಯಲ್ಲಿ ಟಾಮ್ ಸಂಡೇ ಅನ್ನೋ ಓದಿದ ಮನುಷ್ಯ ಸಿಕ್ಕಿ ಇಬ್ಬರಿಗೂ ಅಕ್ಷರ ಕಲಿಸ್ತಾನೆ. ಅಲ್ಲಿಂದ ಸಾಂಟಾ ಫೆ, ನ್ಯೂ ಮೆಕ್ಸಿಕೋದ ಮೋರಾ. ಆ ಮೂವರ ಸ್ನೇಹ ಏನಾಗುತ್ತೆ ಅನ್ನೋದೇ ಆ ಪುಸ್ತಕದ ಜೀವ, ಅದನ್ನ ನಾನು ಹೇಳಲ್ಲ. ಇದಾದ ಮೇಲೆ 1961ರ 'ಸ್ಯಾಕೆಟ್', 1962ರ 'ಲ್ಯಾಂಡೊ', ಹೀಗೆ ವರ್ಷ ನೋಡ್ಕೊಂಡು ಮುಂದೆ ಹೋಗಿ. ನಿಮ್ಮ ಕಟ್ಟಿನಲ್ಲಿ ನಡುವೆ ಒಂದೆರಡು ಇಲ್ಲ ಅಂದ್ರೂ ಚಿಂತೆ ಇಲ್ಲ, ಪ್ರತಿಯೊಂದೂ ಅದರಷ್ಟಕ್ಕೆ ಮುಗಿಯೋ ಕಥೆ.

ಪ್ರಶ್ನೆ: ನಾನು ಆಗ್ಲೇ 1600ರಿಂದ ಶುರು ಮಾಡಿಬಿಟ್ಟೆ. ಇಂಗ್ಲೆಂಡ್, ಹಡಗು, ಕತ್ತಿ... ಕೌಬಾಯ್ ಎಲ್ಲಿ ಅಂತ ಹುಡುಕ್ತಾ ಇದೀನಿ. ಬಿಟ್ಟು ಬೇರೆ ಹಿಡೀಲಾ? – ಓದುಗರು, ಧಾರವಾಡ

ಉತ್ತರ: ಅರ್ಧಕ್ಕೆ ಬಿಡಬೇಡಿ, ಕೈಯಲ್ಲಿರೋದು ಮುಗಿಸಿ. 'ಸ್ಯಾಕೆಟ್ಸ್ ಲ್ಯಾಂಡ್' ತುಂಬಾ ದಪ್ಪದ ಪುಸ್ತಕ ಏನಲ್ಲ, ಅದರ ಓಟಾನೂ ಚುರುಕಾಗಿದೆ. ಅದನ್ನ ಗುಂಡಿನ ಕಾಳಗದ ಕಥೆ ಅಂದ್ಕೊಳ್ದೆ ಸಮುದ್ರ ದಾಟೋ ಸಾಹಸ ಅಂದ್ಕೊಂಡು ಓದಿ, ರುಚಿ ಹತ್ತುತ್ತೆ. ಇಂಗ್ಲೆಂಡಿನ ಪೂರ್ವಕ್ಕೆ ಫೆನ್ಸ್ ಅಂತ ಜೌಗು ಪ್ರದೇಶ ಇದೆ, ಬಾರ್ನಬಸ್ ಅಲ್ಲಿಯವನು. ಅವನಿಗೆ ಹಳೇ ರೋಮನ್ ಕಾಲದ ಚಿನ್ನದ ನಾಣ್ಯ ಸಿಗುತ್ತೆ, ಕಥೆ ಎಲ್ಲ ಅಲ್ಲಿಂದ ಬಿಚ್ಕೊಳ್ಳುತ್ತೆ. ಮುಂದಿನ ಪುಸ್ತಕದಲ್ಲಿ ಆ ನಾಣ್ಯಗಳೇ ಅವನ ಕುತ್ತಿಗೆಗೆ ಬರುತ್ತೆ. 1216ರಲ್ಲಿ ಕಿಂಗ್ ಜಾನ್ ಅದೇ ಕಡೆ ವಾಷ್ ಅನ್ನೋ ಕೊಲ್ಲಿ ದಾಟುವಾಗ ಅವನ ಸಾಮಾನು ಸರಂಜಾಮು ನೀರುಪಾಲಾಯ್ತು ಅನ್ನೋದು ಇತಿಹಾಸ, ಆ ನಿಧಿನೇ ಇವನಿಗೆ ಸಿಕ್ಕಿದೆ ಅಂತ ಗುಮಾನಿ ಬಂದು ರಾಜಾಧಿಕಾರಿಗಳು ಬೆನ್ನು ಹತ್ತುತ್ತಾರೆ, ನ್ಯೂಗೇಟ್ ಜೈಲಿಗೂ ಹಾಕ್ತಾರೆ. ನಿಜವಾದ ಇತಿಹಾಸದ ಒಂದು ಎಳೆ ಹಿಡ್ಕೊಂಡು ಕಥೆ ಹೆಣೆಯೋದ್ರಲ್ಲಿ ಲಮೂರ್ ಎತ್ತಿದ ಕೈ.

ಒಂದು ಮಾತ್ರ ನೆನಪಿಡಿ, 1600ರ ಗುಂಪಿನ ನಾಲ್ಕು ಪುಸ್ತಕಗಳನ್ನ ಅವುಗಳ ಕ್ರಮದಲ್ಲೇ ಓದ್ಬೇಕು: ಮೊದಲ ಎರಡು ಬಾರ್ನಬಸ್‌ದು, ಮೂರನೇದ್ರಲ್ಲಿ ಮಕ್ಕಳಾದ ಕಿನ್ ಮತ್ತೆ ಯಾನ್ಸ್, ನಾಲ್ಕನೇದು ಇನ್ನೊಬ್ಬ ಮಗ ಜೂಬಲ್‌ದು. ಎರಡನೇದ್ರ ಕೊನೆ ಗೊತ್ತಿಲ್ದೆ ಮೂರನೇದಕ್ಕೆ ಹೋದ್ರೆ ದೊಡ್ಡ ವಿಷಯವೊಂದು ಮೊದಲ ಪುಟಗಳಲ್ಲೇ ಬಯಲಾಗಿಬಿಡುತ್ತೆ. ಅದೃಷ್ಟಕ್ಕೆ ಇವು ನಾಲ್ಕರಲ್ಲಿ ಬರೆದ ಕ್ರಮವೂ ಕಥೆಯ ಕ್ರಮವೂ ಒಂದೇ.

ನೀವು ಈಗಿರೋದನ್ನ ಮುಗಿಸಿ 'ದಿ ಡೇಬ್ರೇಕರ್ಸ್'ಗೆ ಹಾರಿ, ಒಂದಷ್ಟು ಓದಿ, ಆಮೇಲೆ ಬಾರ್ನಬಸ್ ಹತ್ರ ವಾಪಸ್ ಬನ್ನಿ.

ಪ್ರಶ್ನೆ: 1870ರ ದಶಕದ ಪುಸ್ತಕಗಳ ಕ್ರಮ ಒಂದೊಂದು ಪಟ್ಟಿಯಲ್ಲಿ ಒಂದೊಂದು ಥರ ಇದೆ. ಯಾವುದನ್ನ ನಂಬೋದು? – ಕಾಲೇಜು ಉಪನ್ಯಾಸಕರು, ತುಮಕೂರು

ಉತ್ತರ: ಈ ತೊಡಕು ಪಟ್ಟಿ ಮಾಡಿದೋರಿಂದ ಬಂದದ್ದಲ್ಲ, ಪುಸ್ತಕಗಳಲ್ಲೇ ಇದೆ. ಹೆಚ್ಚಿನ ಕಥೆಗಳನ್ನ ಆಯಾ ಸ್ಯಾಕೆಟ್‌ಗಳೇ ತಮ್ಮ ಬಾಯಲ್ಲಿ ಹೇಳ್ತಾರೆ, ಕುದುರೆ ಮೇಲೆ ಕೂತಿರೋ ಬೆಟ್ಟದ ಹುಡುಗ ತಾರೀಕು ಹೇಳ್ತಾ ಕೂರಲ್ಲ. ಇಂಥ ಕಡೆ ಚಳಿ ಇತ್ತು, ಇಂಥ ಊರಲ್ಲಿ ರೈಲು ಇನ್ನೂ ಬಂದಿರಲಿಲ್ಲ, ಇಂಥ ನೆಂಟ ಆಗ ಎಲ್ಲಿದ್ದ, ಇಂಥ ಸುಳಿವುಗಳಿಂದ ಕಾಲ ಊಹಿಸಬೇಕು. ಸಾಮಾನ್ಯವಾಗಿ ಸಿಗೋ ಪಟ್ಟಿಯಲ್ಲಿ 'ದಿ ಡೇಬ್ರೇಕರ್ಸ್' 1870ರಿಂದ 72, 'ಲ್ಯಾಂಡೊ' 1873ರಿಂದ 75, 'ಸ್ಯಾಕೆಟ್' 1874–75, ಇನ್ನು ಉಳಿದದ್ದೆಲ್ಲ 1875ರಿಂದ 79 ಅಂತ ಒಂದೇ ಚೌಕಟ್ಟಲ್ಲಿ ಹಾಕಿಬಿಟ್ಟಿರ್ತಾರೆ. ಒಂಬತ್ತು ಪುಸ್ತಕ ಐದು ವರ್ಷದೊಳಗೆ! ಆ ಒಂಬತ್ತರಲ್ಲಿ ಯಾವುದು ಮುಂದೆ ಯಾವುದು ಹಿಂದೆ ಅನ್ನೋದು ಪಟ್ಟಿ ಮಾಡಿದೋರ ತೀರ್ಮಾನ.

'ಲ್ಯಾಂಡೊ' ತಗೊಳ್ಳಿ, ಅದರಲ್ಲಿ ಲ್ಯಾಂಡೊ ಮೆಕ್ಸಿಕೋದ ಜೈಲಲ್ಲಿ ಆರು ವರ್ಷ ಕಳೀತಾನೆ. ಕಥೆಯ ಶುರುವಿಗೂ ಕೊನೆಗೂ ಅಷ್ಟು ಅಂತರ ಇರೋ ಪುಸ್ತಕವನ್ನ ಎರಡು ವರ್ಷದ ಡಬ್ಬಿಯೊಳಗೆ ಹೇಗೆ ಹಾಕ್ತೀರಿ? ಶುರು ನೋಡಿದ್ರೆ ಒಂದು ಜಾಗ, ಕೊನೆ ನೋಡಿದ್ರೆ ಇನ್ನೊಂದು ಜಾಗ. 'ಟ್ರೆಶರ್ ಮೌಂಟನ್' ಇನ್ನೂ ವಿಚಿತ್ರ, ನಡೆಯೋದು 1870ರ ದಶಕದಲ್ಲಿ, ಆದ್ರೆ ಟೆಲ್ ಮತ್ತೆ ಓರಿನ್ ಹುಡುಕ್ತಾ ಹೋಗೋದು ಸುಮಾರು ಇಪ್ಪತ್ತು ವರ್ಷದ ಹಿಂದೆ ಮನೆ ಬಿಟ್ಟು ಹೋಗಿ ವಾಪಸ್ ಬರದ ಅಪ್ಪನಿಗೆ ಏನಾಯ್ತು ಅಂತ, ನ್ಯೂ ಆರ್ಲಿಯನ್ಸ್‌ನಿಂದ ಕೊಲರಾಡೋದ ಸಾನ್ ಹ್ವಾನ್ ಬೆಟ್ಟಗಳ ತನಕ. ಪುಸ್ತಕದ ಮನಸ್ಸೆಲ್ಲ ಹಿಂದಿನ ಕಾಲದಲ್ಲೇ ಇರುತ್ತೆ. ಈ ಸೀರೀಸ್‌ನಲ್ಲಿ ನನಗೆ ತುಂಬಾ ಹತ್ತಿರವಾದ ಪುಸ್ತಕಗಳಲ್ಲಿ ಇದೂ ಒಂದು, ಮಾಸಿದ ಜಾಡು ಹಿಡ್ಕೊಂಡು ಮಕ್ಕಳಿಬ್ಬರು ಅಪ್ಪನ ಮನಸ್ಸನ್ನ ಓದ್ತಾ ಹೋಗೋ ರೀತಿ ಅಷ್ಟು ಚೆನ್ನಾಗಿದೆ.

ಯಾವ ಪಟ್ಟಿಯಲ್ಲೇ ಇರಲಿ ಮೀರಬಾರದ್ದು ಒಂದಿದೆ, 'ಸ್ಯಾಕೆಟ್' ಓದದೆ 'ದಿ ಸ್ಯಾಕೆಟ್ ಬ್ರ್ಯಾಂಡ್' ಮುಟ್ಟಬೇಡಿ. ಮೊದಲನೇದ್ರಲ್ಲಿ ಟೆಲ್ ಸಾನ್ ಹ್ವಾನ್ ಬೆಟ್ಟಗಳ ಮೇಲೆ ಸ್ಪ್ಯಾನಿಷ್ ಕಾಲದ ಚಿನ್ನದ ಜಾಗ ಕಂಡುಹಿಡೀತಾನೆ, ಅಲ್ಲೇ ಆಂಜ್ ಕೆರಿ ಸಿಗ್ತಾಳೆ. ಆ ಹುಡುಗಿ ಪರಿಚಯ ನಿಮಗೆ ಇಲ್ದೇ ಹೋದ್ರೆ ಎರಡನೇದ್ರ ನೋವು ನಿಮ್ಮನ್ನ ತಾಕೋದೇ ಇಲ್ಲ. ಹಾಗೇ ಫ್ಲ್ಯಾಗನ್, ಗ್ಯಾಲೊವೇ ಅಣ್ಣತಮ್ಮಂದಿರದ್ದು 'ದಿ ಸ್ಕೈ ಲೈನರ್ಸ್' 1967ರದ್ದು, 'ಗ್ಯಾಲೊವೇ' 1970ರದ್ದು, ಅವೆರಡನ್ನೂ ಬರೆದ ಹಾಗೇ ಓದಿ.

ಲಮೂರ್ ಅವರೇ 'ದಿ ಸ್ಯಾಕೆಟ್ ಕಂಪ್ಯಾನಿಯನ್' ಅಂತ ಒಂದು ಪುಸ್ತಕ ಮಾಡಿದಾರೆ, 1988ರಲ್ಲಿ ಬಂತು, ಅವರು ತೀರಿಕೊಂಡ ವರ್ಷವೂ ಅದೇ. ಯಾವ ಕಾದಂಬರಿಯಲ್ಲಿ ಯಾರು ಬರ್ತಾರೆ, ಜಾಗ ಯಾವುದು ಅಂತೆಲ್ಲ ಅದರಲ್ಲಿದೆ. ನಿಮ್ಮಂಥ ಪಾಠ ಮಾಡೋರಿಗೆ ಕೈಯಲ್ಲಿರಬೇಕಾದ ಪುಸ್ತಕ, ಆದ್ರೆ ಕಾದಂಬರಿಗಳನ್ನ ಓದಿದ ಮೇಲೆ ತೆಗೀರಿ, ಕಥೆಯ ಗುಟ್ಟೆಲ್ಲ ಅದರಲ್ಲಿ ಬಿಚ್ಚಿಟ್ಟಿದೆ.

ಪ್ರಶ್ನೆ: ಜೂಬಲ್ ಕಥೆ ಮುಗಿದ ಮೇಲೆ ಒಂದೇ ಸಲ 200 ವರ್ಷ ಹಾರಿಬಿಡುತ್ತೆ. ನಡುವಿನ ಪುಸ್ತಕ ನನಗೆ ಸಿಕ್ಕಿಲ್ವಾ? – ಓದುಗರು, ಉಡುಪಿ

ಉತ್ತರ: ನಿಮಗೆ ಸಿಗದೇ ಹೋದದ್ದಲ್ಲ, ಆ ಪುಸ್ತಕಗಳು ಬಂದೇ ಇಲ್ಲ. 1630ರ ಸುಮಾರಿಂದ 1840ರ ಸುಮಾರಿನ ತನಕ ಸ್ಯಾಕೆಟ್ ಕಾದಂಬರಿ ಒಂದೂ ಇಲ್ಲ. ಅಮೆರಿಕ ಬ್ರಿಟಿಷರ ವಿರುದ್ಧ ಎದ್ದು ನಿಂತ ಕಾಲ ಪೂರ್ತಿ ಆ ಖಾಲಿಯಲ್ಲೇ ಹೋಗುತ್ತೆ, ಅದು ಓದುಗರಿಗೆ ದೊಡ್ಡ ನಷ್ಟ ಅಂತ ನನಗೆ ನಿಜವಾಗ್ಲೂ ಅನ್ಸುತ್ತೆ. ಸ್ವಲ್ಪ ತುಂಬಿಕೊಳ್ಳಬೇಕು ಅಂದ್ರೆ ಅವರ ಬೇರೆ ಮನೆತನಗಳ ಪುಸ್ತಕ ನೋಡಿ, ಮುಂದಿನ ಪ್ರಶ್ನೆಯಲ್ಲಿ ಅದೇ ಬರ್ತಾ ಇದೆ.

ಪ್ರಶ್ನೆ: ಚಾಂಟ್ರಿ, ಟಾಲನ್ ಅಂತ ಬೇರೆ ಮನೆತನಗಳೂ ಇವೆಯಂತೆ. ಅವನ್ನ ಸ್ಯಾಕೆಟ್ ಜೊತೆ ಸೇರಿಸಿ ಓದ್ಬೇಕಾ? – ಓದುಗರು, ಮಸ್ಕತ್

ಉತ್ತರ: ಸೇರಿಸಬೇಕು ಅಂತೇನಿಲ್ಲ, ಆದ್ರೆ ಸೇರಿಸಿದ್ರೆ ಖುಷಿ ಜಾಸ್ತಿ. ಮೂರು ಮನೆತನಗಳು ತಲೆಮಾರು ತಲೆಮಾರಾಗಿ ಪಶ್ಚಿಮಕ್ಕೆ ಸಾಗೋದನ್ನ ಹೇಳೋ ಆಸೆ ತನಗಿದೆ ಅಂತ ಲಮೂರ್ ಅವರೇ 'ಸ್ಯಾಕೆಟ್ಸ್ ಲ್ಯಾಂಡ್' ಮುನ್ನುಡಿಯಲ್ಲಿ ಹೇಳ್ಕೊಂಡಿದಾರೆ. ಚಾಂಟ್ರಿಗಳಲ್ಲಿ 'ಫೇರ್ ಬ್ಲೋಸ್ ದಿ ವಿಂಡ್' ಬಾರ್ನಬಸ್‌ನ ಕಾಲಕ್ಕೆ ಹತ್ತಿರದ್ದು, 'ದಿ ಫರ್ಗಸನ್ ರೈಫಲ್' 1800 ದಾಟಿದ ಹೊಸದರಲ್ಲಿ ನಡೆಯೋದು, ಟಾಲನ್‌ಗಳ 'ರಿವರ್ಸ್ ವೆಸ್ಟ್' ಅದರ ನಂತರದ್ದು. ಉಡುಪಿಯವರು ಕೇಳಿದ ಖಾಲಿ ಜಾಗದಲ್ಲಿ ಕೊನೆಯ ಎರಡನ್ನ ಇಟ್ಕೋಬಹುದು.

ಮನೆತನಗಳು ಒಂದಕ್ಕೊಂದು ತಾಕೋ ಕಡೆ ಗಮನ ಕೊಡಿ. 'ರೈಡ್ ದಿ ಡಾರ್ಕ್ ಟ್ರೇಲ್'ನಲ್ಲಿ ಎಮ್ ಟಾಲನ್ ಅನ್ನೋ ಮುದುಕಿ ಒಬ್ಬಳೇ ತನ್ನ ರ‍್ಯಾಂಚನ್ನ ಕಾಯ್ತಾ ಇರ್ತಾಳೆ, ಗಟ್ಟಿ ಹೆಂಗಸು, ಅವಳ ತವರು ಸ್ಯಾಕೆಟ್! ಅದಕ್ಕೇ ಲೋಗನ್ ಸ್ಯಾಕೆಟ್ ಅಲ್ಲಿಂದ ಕದಲಲ್ಲ. ಅವಳ ಮಗ ಮೈಲೊ ಟಾಲನ್‌ಗೆ ಬೇರೆ ಪುಸ್ತಕಗಳಿವೆ. 'ರೈಡ್ ದಿ ರಿವರ್'ನಲ್ಲಿ ಚಾಂಟ್ರಿಗಳು ಬರ್ತಾರೆ. 'ಬೋರ್ಡನ್ ಚಾಂಟ್ರಿ' ಅನ್ನೋ 1977ರ ಪುಸ್ತಕ ಒಂದು ಕೊಲೆಯ ಪತ್ತೆ ಕಥೆ, ಸ್ಯಾಕೆಟ್ ಓದುಗರು ಅದನ್ನ ಬಿಡಲೇಬಾರದು, ಕಾರಣ ಓದಿದ್ರೆ ತಿಳಿಯುತ್ತೆ. ಅಲ್ಲೂ ಅದೇ ಮಾತು: ಮಗ ಟಾಮ್ ಚಾಂಟ್ರಿಯ ಕಥೆ 'ನಾರ್ತ್ ಟು ದಿ ರೈಲ್ಸ್' 1971ರಲ್ಲೇ ಬಂದಿತ್ತು, ಅಪ್ಪನದ್ದು ಬಂದಿದ್ದು ಆರು ವರ್ಷ ಆದ ಮೇಲೆ. ಲಮೂರ್ ಮನಸ್ಸು ಹೀಗೇ ಕೆಲಸ ಮಾಡ್ತಿತ್ತು, ಮೊದಲು ಮಗ, ಆಮೇಲೆ ಈ ಮಗನನ್ನ ಬೆಳೆಸಿದ ಮನುಷ್ಯ ಯಾರು ಅನ್ನೋ ಕುತೂಹಲ.

ಪ್ರಶ್ನೆ: ಇದರ ಮೇಲೆ ಸಿನಿಮಾ ಇದೆಯಾ? – ಓದುಗರು, ಬಳ್ಳಾರಿ

ಉತ್ತರ: 1979ರಲ್ಲಿ 'ದಿ ಸ್ಯಾಕೆಟ್ಸ್' ಅಂತ ಎರಡು ಭಾಗದ ಟಿವಿ ಚಿತ್ರ ಬಂತು. ಸ್ಯಾಮ್ ಎಲಿಯಟ್ ಟೆಲ್, ಟಾಮ್ ಸೆಲೆಕ್ ಓರಿನ್, ಜೆಫ್ ಓಸ್ಟರ್‌ಹೇಜ್ ಟೈರೆಲ್. 'ದಿ ಡೇಬ್ರೇಕರ್ಸ್' ಮತ್ತು 'ಸ್ಯಾಕೆಟ್' ಎರಡನ್ನೂ ಹೆಣೆದು ಮಾಡಿದಾರೆ, ಹಾಗಾಗಿ ಪುಸ್ತಕದಲ್ಲಿ ಒಂದಾದ ಮೇಲೊಂದು ಬರೋದು ಅಲ್ಲಿ ಜೊತೆಜೊತೆಗೆ ನಡೆಯುತ್ತೆ. ಎರಡೂ ಪುಸ್ತಕ ಮುಗಿಸಿ ನೋಡಿ.

ಪ್ರಶ್ನೆ: ಈ ಹಳೇ ವೆಸ್ಟರ್ನ್‌ಗಳಲ್ಲಿ ಅಲ್ಲಿನ ಮೂಲನಿವಾಸಿಗಳನ್ನ ಬರೀ ಶತ್ರುಗಳ ಹಾಗೆ ತೋರಿಸ್ತಾರೆ, ಅದು ನನಗೆ ಹಿಂಸೆ ಅನ್ಸುತ್ತೆ. ಸ್ಯಾಕೆಟ್ ಪುಸ್ತಕಗಳೂ ಹಾಗೇನಾ? – ಶಿಕ್ಷಕಿ, ಚಾಮರಾಜನಗರ

ಉತ್ತರ: ಒಂದೇ ಮಾತಲ್ಲಿ ಹೌದು ಅಥವಾ ಇಲ್ಲ ಅನ್ನೋಕಾಗಲ್ಲ. 'ದಿ ಲೋನ್ಲಿ ಮೆನ್' ಥರದ ಪುಸ್ತಕದಲ್ಲಿ ಅಪಾಚೆಗಳು ಎದುರಾಳಿಗಳೇ, ಅವರ ಯುದ್ಧ ಕೌಶಲ್ಯಕ್ಕೆ ಟೆಲ್ ಬಾಯಲ್ಲಿ ದೊಡ್ಡ ಗೌರವ ಇರುತ್ತೆ, ಆದ್ರೆ ನೆಲ ಯಾರದ್ದಾಗಿತ್ತು ಅನ್ನೋ ಪ್ರಶ್ನೆಯನ್ನ ಪುಸ್ತಕ ಆಳಕ್ಕೆ ಕೊಂಡೊಯ್ಯಲ್ಲ. ಬಾರ್ನಬಸ್‌ನ ಪುಸ್ತಕಗಳಲ್ಲಿ ಕಟಾಬಾ ಜನ ಅವನ ಗಟ್ಟಿ ಸ್ನೇಹಿತರು, ಸೆನೆಕಾಗಳ ಜೊತೆ ಕಾದಾಟ. 'ದಿ ಡೇಬ್ರೇಕರ್ಸ್'ನಲ್ಲಿ ಹಳೇ ಮೆಕ್ಸಿಕನ್ ಮನೆತನದ ಭೂಮಿಯನ್ನ ಹೊರಗಿಂದ ಬಂದೋರು ಕಬಳಿಸೋಕೆ ನೋಡೋದೇ ಮುಖ್ಯ ಜಗಳ, ಅಲ್ಲಿ ಸ್ಯಾಕೆಟ್‌ಗಳು ನಿಲ್ಲೋದು ಆ ಮನೆತನದ ಪರವಾಗಿ.

ನೀವು 'ಜೂಬಲ್ ಸ್ಯಾಕೆಟ್' ಓದಿ ನೋಡಿ. ಕಿಕಾಪೂ ಜನಾಂಗದ ಕಿಯೊಕೋಟಾ ಅವನ ಜೊತೆಗಾರ, ನ್ಯಾಚೆಜ್ ಜನಾಂಗದ ಇಚಕೋಮಿ ಆ ಪುಸ್ತಕದ ನಾಯಕಿ, ತನ್ನ ಜನರ ನಾಳೆ ಬಗ್ಗೆ ಯೋಚಿಸೋ ಬುದ್ಧಿವಂತೆ. ಬಿಳಿಯರೇ ಹೆಚ್ಚಾಗಿಲ್ಲದ ನೆಲದಲ್ಲಿ ಒಬ್ಬ ಸ್ಯಾಕೆಟ್ ಅಲ್ಲಿಯವರಿಂದ ಕಲೀತಾ ಹೋಗ್ತಾನೆ. 1960ರ ಪುಸ್ತಕಕ್ಕೂ 1985ರ ಈ ಪುಸ್ತಕಕ್ಕೂ ಇರೋ ದೂರ ಎದ್ದು ಕಾಣುತ್ತೆ, ಬರೆದ ಕ್ರಮದಲ್ಲಿ ಓದಿದ್ರೆ ಬರಹಗಾರನ ಕಣ್ಣು ಅಗಲ ಆಗ್ತಾ ಹೋಗಿದ್ದನ್ನೂ ನೋಡಬಹುದು. ಇದ್ರಲ್ಲೂ ನಿಮಗೆ ಒಪ್ಪಿಗೆಯಾಗದ ಕಡೆಗಳು ಇರುತ್ತೆ, ಅಲ್ಲಿ ನಿಲ್ಲಿಸಿ ಮಕ್ಕಳ ಜೊತೆ ಮಾತಾಡಿ.

ಪ್ರಶ್ನೆ: ನನ್ನ ಮಗಳು ಹತ್ತನೇ ಕ್ಲಾಸು ಮುಗಿಸಿದಾಳೆ, ರಜೆಯಲ್ಲಿ ಇಂಗ್ಲಿಷ್ ಕಾದಂಬರಿ ಓದ್ತೀನಿ ಅಂತಿದಾಳೆ. ಹದಿನೇಳೂ ಓದಲ್ಲ, ಒಂದೇ ಒಂದು ಹೇಳಿ. – ಓದುಗರು, ಶಿರಸಿ

ಉತ್ತರ: ಅವಳಿಗೆ 'ರೈಡ್ ದಿ ರಿವರ್' ಕೊಡಿ. ಇಲ್ಲಿ ಮಾತ್ರ ಕ್ರಮದ ಮಾತು ಬಿಟ್ಟುಬಿಡ್ತೀನಿ, ಯಾಕಂದ್ರೆ ಹಿಂದಿಂದು ಮುಂದಿಂದು ಏನೂ ಗೊತ್ತಿಲ್ದೆ ಓದಬಹುದಾದ ಪುಸ್ತಕ ಇದು. ಎಕೋ ಸ್ಯಾಕೆಟ್‌ಗೆ ಹದಿನಾರು ವರ್ಷ, ಮನೆತನಕ್ಕೆ ಬರಬೇಕಾದ ಆಸ್ತಿಯ ಹಣ ತರೋಕೆ ಟೆನೆಸ್ಸಿ ಬೆಟ್ಟದಿಂದ ಒಬ್ಬಳೇ ಫಿಲಡೆಲ್ಫಿಯಾಕ್ಕೆ ಹೋಗ್ತಾಳೆ, ಮೋಸದ ವಕೀಲನೊಬ್ಬ ಅವಳನ್ನ ಏನೂ ತಿಳಿಯದ ಹಳ್ಳಿ ಹುಡುಗಿ ಅಂದ್ಕೋತಾನೆ. ಫಿನಿಯನ್ ಚಾಂಟ್ರಿ ಅನ್ನೋ ಹಿರಿಯ ವಕೀಲರು ಅವಳ ಪರ ನಿಂತು ಹಣ ಕೊಡಿಸ್ತಾರೆ, ಅಲ್ಲಿಂದ ಆ ಹಣ ಹೊತ್ಕೊಂಡು ನದಿ ದಾರಿಯಲ್ಲಿ, ಬೆಟ್ಟದ ದಾರಿಯಲ್ಲಿ ವಾಪಸ್ ಬರೋದೇ ಕಥೆ, ಬೆನ್ನ ಹಿಂದೆ ಕೊಲೆಗಾರರು. ಎಕೋ ಹೆಚ್ಚಿನ ಕಥೆಯನ್ನ ತಾನೇ ಹೇಳ್ತಾಳೆ, ಬೆಟ್ಟದ ಕಡೆಯ ಆಡುಮಾತಿನ ಇಂಗ್ಲಿಷ್, ಮೊದಲ ಹತ್ತು ಪುಟ ನಿಧಾನ ಆಗಬಹುದು, ಆಮೇಲೆ ಕಿವಿಗೆ ಒಗ್ಗುತ್ತೆ. ಓದಿ ಮುಗಿಸಿದ ಮೇಲೆ ಟೈರೆಲ್, ಓರಿನ್, ಟೆಲ್ ಇವರಿಗೆ ಎಕೋ ಅತ್ತೆ ಆಗಬೇಕು ಅಂತ ಹೇಳಿ, 'ದಿ ಡೇಬ್ರೇಕರ್ಸ್' ಅವಳೇ ಕೇಳ್ತಾಳೆ.